ಹಸಿರು ಪಟ್ಟಿಯ ಹೆಬ್ಬಾತು

ಕೊಂಡ್ಲಹಳ್ಳಿ ಕಡೆಯ ನಮ್ಮೂರಲ್ಲಿ ಶೇಂಗಾ ಕಿತ್ತ ಹೊಲಗಳಿಗೆ ಎರಡು ಬಗೆಯ ಅತಿಥಿಗಳು ಬರುತ್ತಾರೆ. ಗೊಬ್ಬರವಾಗಲಿ ಎಂದು ರೈತರೇ ಕರೆದು ನಿಲ್ಲಿಸಿಕೊಳ್ಳುವ ನಮ್ಮ ಕುರಿಮಂದೆ ಒಂದು. ಯಾರೂ ಕರೆಯದೆ ಹಿಮಾಲಯ ದಾಟಿ ಬಂದು ಕೆರೆಗಿಳಿಯುವ ಹೆಬ್ಬಾತುಗಳು ಇನ್ನೊಂದು. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಬೆಳಗಾದರೆ ಮಣ್ಣಲ್ಲುಳಿದ ಕಾಯಿಗಾಗಿ ಕುರಿಗಳ ನಡುವೆಯೇ ಅಡ್ಡಾಡುತ್ತವೆ.

ಹೋದ ವರ್ಷ ಅವ್ವ, ಅವುಗಳಲ್ಲೊಂದು ಹಕ್ಕಿಯ ಕೊರಳಲ್ಲಿ ಹಸಿರು ಪಟ್ಟಿ ಇದೆ ಎಂದಳು. ಯಾರೂ ನಂಬಲಿಲ್ಲ. ಆಗಲೇ ಅವಳು ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದಳು. ಅಣ್ಣನಿಗೆ ಅಷ್ಟೇ ಸಾಕಾಯಿತು. ಅವ್ವನ ಕಣ್ಣು ಹೋಗಿದೆ, ಇಲ್ಲದ್ದೆಲ್ಲ ಕಾಣುತ್ತಿದೆ, ಇನ್ನು ಕುರಿ ಹಿಂದೆ ಹೋಗುವುದು ಬೇಡ, ಮನೆಯಲ್ಲಿರಲಿ ಎಂದು ತೀರ್ಪು ಕೊಟ್ಟ. ಬುದ್ಧಿ ಬಂದಾಗಿನಿಂದ ಕುರಿ ಹಿಂದೆ ನಡೆದವಳನ್ನು ಜಗಲಿಯಲ್ಲಿ ಕೂರಿಸುತ್ತಾನಂತೆ! ನನಗೆ ಮೈ ಉರಿಯಿತು. ಚಳ್ಳಕೆರೆಯಲ್ಲಿ ಸ್ಟುಡಿಯೋ ಇಟ್ಟು ಮದುವೆ ಫೋಟೋ ತೆಗೆಯುವವನು ನಾನು. ಆ ಹಕ್ಕಿ ಮತ್ತೆ ಬರಲಿ, ಫೋಟೋ ಹಿಡಿದೇ ತೋರಿಸುತ್ತೇನೆ ಎಂದು ಹಟ ತೊಟ್ಟೆ. ಅಲ್ಲಿಯವರೆಗೆ ಅವ್ವನನ್ನು ತಡೆಯಕೂಡದು ಎಂದು ಅಣ್ಣನಿಂದ ಮಾತು ತೆಗೆದುಕೊಂಡೆ.

ಈ ವರ್ಷ ಅವ್ವನೇ ಫೋನ್ ಮಾಡಿದಳು. ಹಕ್ಕಿಗಳು ಬಂದಿವೆ, ಪಟ್ಟಿಯದೂ ಬಂದಿದೆ ಎಂದಳು. ದೊಡ್ಡ ಲೆನ್ಸ್ ಕಟ್ಟಿಕೊಂಡು ಬೈಕ್ ಹತ್ತಿದೆ.

ಮೊದಲ ಬೆಳಿಗ್ಗೆ ಬದುವಿನ ಮರೆಯಲ್ಲಿ ಬಗ್ಗಿಕೊಂಡು ಹೋದೆ. ಅಷ್ಟೂ ಕೊರಳುಗಳು ಒಟ್ಟಿಗೆ ಎದ್ದವು, ಹಿಂಡು ಹಾರಿಯೇ ಹೋಯಿತು. ಮರುದಿನ ತೆವಳಿಕೊಂಡು ಹೋದೆ. ಇನ್ನೂ ಬೇಗ ಹಾರಿದವು. ಮದುಮಕ್ಕಳ ಮುಂದೆ ಬಗ್ಗಿ ಬಗ್ಗಿ ಅಂಟಿದ ಚಟ, ಎಲ್ಲಿ ಬಿಡುತ್ತದೆ? ಮೊಣಕೈ ತರಚಿಕೊಂಡು ಮಣ್ಣು ಮೆತ್ತಿಕೊಂಡು ಬಂದವನನ್ನು ನೋಡಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ನರಿ ಹಂಗೆ ಬಗ್ಗಿ ಬಂದ್ರೆ ಅವು ನಿಂತ್ಕತಾವಾ? ಕುರಿ ಕಾಯೋರು ಯಾವತ್ತಾದ್ರೂ ಬಗ್ಗಿ ನಡೆದವ್ರಾ? ಕುರಿ ಜೊತೆ ನೆಟ್ಟಗೆ ಬಾ," ಅಂದಳು.

ಮೂರನೆಯ ಬೆಳಿಗ್ಗೆ ಅಣ್ಣನನ್ನೂ ಎಳೆದುಕೊಂಡು ಹೋದೆ. ನನ್ನ ಹೆಗಲಿಗೆ ಕಂಬಳಿ, ಅದರೊಳಗೆ ಕ್ಯಾಮೆರಾ; ಅಣ್ಣನ ಕೈಯಲ್ಲಿ ಕುರಿ ಕಾಯುವ ಕೋಲು. ಅವ್ವ ನಾಲಿಗೆ ಲೊಟಕರಿಸುತ್ತಾ ಮಂದೆಯನ್ನು ನಿಧಾನವಾಗಿ ಮುಂದೆ ಬಿಟ್ಟಳು, ನಾವು ಮೂವರೂ ಅದರ ಜೊತೆ ನೆಟ್ಟಗೆ ನಡೆದೆವು. ಹೆಬ್ಬಾತುಗಳು ಒಂದಿಷ್ಟು ಸರಿದವು, ಹಾರಲಿಲ್ಲ. ಆದರೆ ಅಷ್ಟು ಕೊರಳುಗಳಲ್ಲಿ ಪಟ್ಟಿ ಎಲ್ಲೂ ಕಾಣಲಿಲ್ಲ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಆ ಕರಿ ಕುರಿ ಆಚೆಗೆ, ಒಂದೇ ಮೇಯ್ತೈತಲ್ಲ, ಅದು," ಎಂದು ಅವ್ವ ಮೆಲ್ಲಗೆ ಹೇಳಿದಳು.

ಲೆನ್ಸನ್ನು ಅತ್ತ ತಿರುಗಿಸಿದೆ. ಹಸಿರು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ. ಎಲ್ಲೋ ದೂರದಲ್ಲಿ ಹಕ್ಕಿಗಳ ಲೆಕ್ಕ ಇಡುವವರು ತೊಡಿಸಿದ್ದಿರಬೇಕು. ಬಿಡದೆ ಬಟನ್ ಒತ್ತಿದೆ.

ಅಣ್ಣ ಕ್ಯಾಮೆರಾದ ಪರದೆಯನ್ನು ಹತ್ತಿರ ಹಿಡಿದು ನೋಡಿ ವಾಪಸ್ಸು ಕೊಟ್ಟ. ಗೆದ್ದ ಖುಷಿಯಲ್ಲಿ ಅದನ್ನು ಅವ್ವನ ಮುಖದ ಮುಂದೆ ಹಿಡಿದೆ. ಅವಳು ನನ್ನ ಕೈಯನ್ನು ದೂರ ತಳ್ಳಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ರಾಗೆ ನಂಗೇನೂ ಕಾಣಲ್ಲ ಮಗಾ. ಅಗಾ, ಅಲ್ಲಿ ಕಾಣ್ತೈತೆ."

ಅವಳು ಬೆರಳು ತೋರಿದ ಕಡೆ ಅಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬರಿಗಣ್ಣಿಗೆ ನನಗೂ ಬೂದು ಚುಕ್ಕೆಯೊಂದು ಬಿಟ್ಟರೆ ಏನೂ ಕಾಣಲಿಲ್ಲ. ಅಣ್ಣ ತನ್ನ ಕೈಯಲ್ಲಿದ್ದ ಕೋಲನ್ನು ಅವ್ವನಿಗೆ ಕೊಟ್ಟ.

"ಕುರಿ ನೀನೇ ನೋಡ್ಕೋ ಅವ್ವ," ಅಂದ. "ಅಕ್ಕಿ ನಾನು ಆರಿಸ್ತೀನಿ."