ಒಂಬತ್ತನೇ ನಂಬರ್ ಬಸ್: ದೋಷವಿಲ್ಲ

ಬಸ್ ಡಿಪೋದ ಆ ಉದ್ದನೆಯ ಕೋಣೆಯಲ್ಲಿ ನಾವಿಬ್ಬರೇ ಕೂರುತ್ತಿದ್ದೆವು. ನನ್ನ ಮೇಜಿನ ಮೇಲೆ ‘ಕಳೆದುಹೋದ ವಸ್ತುಗಳು’ ಎಂಬ ಫಲಕ, ಅವರ ಮೇಜಿನ ಮೇಲೆ ‘ವೈಫೈ ಸಹಾಯ’. ಪ್ರಯಾಣಿಕರು ಮರೆತು ಬಿಟ್ಟುಹೋದ ಛತ್ರಿಗಳನ್ನು ಕಾಯುವ ನನಗೆ ಡ್ರೈವರುಗಳು ‘ಛತ್ರಿ ಮೇಡಂ’ ಎಂದು ಹೆಸರಿಟ್ಟಿದ್ದರು. ಯಾವ ಅರ್ಥದಲ್ಲಿ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಪಕ್ಕದ ಮೇಜಿನವರು ಎಲ್ಲರಿಗೂ ‘ವೈಫೈ ಮಾವ’. ಮೊದಲು ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಬಸ್ಸುಗಳಿಗೆ ಉಚಿತ ವೈಫೈ ಬಂದಾಗ ಪೆಟ್ಟಿಗೆ ಕೂರಿಸುವ ಕೆಲಸ ಅವರ ತಲೆಗೆ ಬಿತ್ತು; ಮಂಡಿನೋವು ಬಂದ ಮೇಲೆ ಫೋನೆತ್ತುವ ಕೆಲಸ.

ಅವರಿಗೆ ಬರುತ್ತಿದ್ದ ದೂರುಗಳು ಮದುವೆಯ ದೂರುಗಳಂತೆ ಎರಡೇ ಬಗೆ. ಒಂದು, ಅಂಟಿಕೊಳ್ಳುತ್ತಿಲ್ಲ. ಇನ್ನೊಂದು, ಬಿಡುತ್ತಿಲ್ಲ. ಡಾಕ್ಟರು ನಾಲಿಗೆ ಚಾಚಿಸುವ ಹಾಗೆ ಮಾವ ಮೊದಲು ಕೇಳುತ್ತಿದ್ದದ್ದು, “ಯಾವ ಫೋನು?” ಆಮೇಲೆ ಇಲ್ಲಿ ಒತ್ತಿ, ಅಲ್ಲಿ ಒತ್ತಿ. ಜನ ಹಿಂಜರಿದರೆ ಅವರ ಬಾಯಲ್ಲಿ ಒಂದು ಕಾಯಂ ಮಾತಿತ್ತು: “ಹೆದರ್ಬೇಡಿ, ಒತ್ತಿ. ಹಾಳಾದ್ರೆ ನಾನಿದ್ದೀನಿ.”

ಕಿವಿ ಸ್ವಲ್ಪ ಮಂದವಾದ್ದರಿಂದ ಅವರ ಫೋನು ಸದಾ ಸ್ಪೀಕರಿನಲ್ಲೇ ಇರುತ್ತಿತ್ತು. ಹಾಗಾಗಿ ನನಗೂ ಪುಕ್ಕಟೆ ಮನರಂಜನೆ.

“ಒತ್ತಿದೆ ಕಣಪ್ಪಾ. ಈಗ ನನ್ನ ಮುಖಾನೇ ಕಾಣ್ತಿದೆ.”

“ಅದು ಕ್ಯಾಮೆರಾ, ಅಜ್ಜಿ.”

“ಅಯ್ಯೋ, ಇಷ್ಟು ವಯಸ್ಸಾಗೋಯ್ತಾ ನಂಗೆ! ಇದನ್ನೂ ಸರಿಮಾಡ್ತೀಯಾ?”

“ಅದಕ್ಕೆ ಪಕ್ಕದ ಮೇಜು ಅಜ್ಜಿ. ಕಳೆದುಹೋದ ವಸ್ತುಗಳು.”

ಯಾವ ಬಸ್ಸಿನ ಪೆಟ್ಟಿಗೆಗೆ ಯಾವ ಫೋನು ಸೇರಿಕೊಂಡಿದೆ ಎಂಬ ಪಟ್ಟಿ ಅವರ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ದೋಷ ಹುಡುಕುವುದಕ್ಕಲ್ಲದೆ ಬೇರಾವುದಕ್ಕೂ ಅದನ್ನು ತೆರೆಯಬಾರದು, ತೆರೆದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು ಎಂಬುದು ನಿಯಮ. ಮಾವ ನಿಯಮ ಮುರಿಯುವವರಲ್ಲ. ದಿನಾ ಬೆಳಿಗ್ಗೆ ಎಂಟು ಹತ್ತಕ್ಕೆ ಒಂಬತ್ತನೇ ನಂಬರ್ ಬಸ್ಸಿನಲ್ಲಿ ದೋಷ ಹುಡುಕುತ್ತಿದ್ದರು. ಐದು ನಿಮಿಷ ಪರದೆ ನೋಡಿ, ಮುಖ ಅರಳಿಸಿ, ‘ದೋಷವಿಲ್ಲ’ ಎಂದು ಬರೆಯುತ್ತಿದ್ದರು. ಡಿಪೋದಲ್ಲಿ ಅಷ್ಟು ಆರೋಗ್ಯವಂತ ಬಸ್ಸು ಇನ್ನೊಂದಿರಲಿಲ್ಲ.

“ಏನ್ರೀ ಮಾವ, ಆ ಒಂಬತ್ತನೇ ನಂಬರ್ ಮೇಲೆ ಅಷ್ಟು ಪ್ರೀತಿ?” ಎಂದು ಒಂದು ದಿನ ಕೆಣಕಿದೆ.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಜನ ತಮ್ಮ ಫೋನುಗಳಿಗೆ ಇಟ್ಟ ಹೆಸರುಗಳೆಲ್ಲ ಸಾಲಾಗಿ ನಿಂತಿದ್ದವು. ‘ಹುಲಿ’, ‘ಮುಟ್ಟಬೇಡ’, ‘ಅಕ್ಕನ ಹಳೇದು’. ಅವುಗಳ ನಡುವೆ ‘ಗುಬ್ಬಿ’.

“ನನ್ನ ಮಗಳು,” ಎಂದರು. “ಫೋನು ಕೊಡಿಸಿದ ದಿನ ನಾನೇ ಆ ಹೆಸರು ಹಾಕಿದ್ದು. ಇನ್ನೂ ತೆಗೆದಿಲ್ಲ ನೋಡಿ.”

ಬಹುಪಾಲು ಜನಕ್ಕೆ ತಮ್ಮ ಫೋನಿಗೊಂದು ಹೆಸರಿರುತ್ತದೆಂಬುದೇ ಗೊತ್ತಿರುವುದಿಲ್ಲ. ಈ ಮಾತನ್ನು ಆ ಹೊತ್ತಿನಲ್ಲಿ ಆಡುವಷ್ಟು ಛತ್ರಿ ನಾನಲ್ಲ.

ಮಗಳು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಥೆಯನ್ನು ಅವರು ಎರಡು ಲೋಟ ಚಹಾ ಆರುವ ತನಕ ಹೇಳಿದರು. ಒಂದು ಮಧ್ಯಾಹ್ನ ಅವರ ಹೆಂಡತಿಗೆ ಎದೆನೋವು ಬಂತು. ‘ಏನೇ ಆದ್ರೂ ಮೊದಲು ನಂಗೆ ಫೋನ್ ಮಾಡು ಗುಬ್ಬಿ, ನಾನಿದ್ದೀನಿ’ ಎಂದು ಹೇಳಿ ಹೇಳಿ ಬೆಳೆಸಿದ ಅಪ್ಪ ಅವರು. ಮಗಳು ಹಾಗೇ ಮಾಡಿದಳು. ಹನ್ನೊಂದು ಸಲ. ಮಾವ ಡಿಪೋದ ತಗಡಿನ ಷೆಡ್ಡಿನಲ್ಲಿ, ನಿಂತ ಬಸ್ಸೊಂದರ ಅಡಿ ಮಲಗಿ ವೈರು ಎಳೆಯುತ್ತಿದ್ದರು. ಜೇಬಿನಲ್ಲಿದ್ದ ಫೋನು ತನ್ನಷ್ಟಕ್ಕೆ ಆ ಬಸ್ಸಿನ ವೈಫೈಗೆ ಸೇರಿಕೊಂಡಿತ್ತು. ನಿಂತ ಬಸ್ಸಿನ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಇರುವುದಿಲ್ಲ. ತಗಡಿನಡಿ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ಒಂದು ಕರೆಯೂ ಒಳಗೆ ಬರಲಿಲ್ಲ. ಅಪ್ಪ ಬರುತ್ತಾನೆಂದು ಮಗಳು ನಲವತ್ತು ನಿಮಿಷ ಕಾದಳು. ಆಮೇಲೆ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದರೆ, ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ತಪ್ಪಿದ ಕರೆ ಹನ್ನೊಂದು, ತಪ್ಪು ಒಂದೇ.

“ಊರಲ್ಲಿರೋ ಬಸ್ಸಿಗೆಲ್ಲ ನೀನಿದ್ದೀಯಪ್ಪ. ನಮಗೆ ಮಾತ್ರ ಇರ್ಲಿಲ್ಲ,” ಎಂದು ಹೇಳಿ ಅವಳು ಚಿಕ್ಕಮ್ಮನ ಮನೆಗೆ ಹೊರಟುಹೋದಳು. ನಂಬರು ಬದಲಾಯಿಸಿದಳು. ಫೋನು ಬದಲಾಯಿಸಲಿಲ್ಲ.

“ಯಾಕೆ ಬರಲಿಲ್ಲ ಅಂತ ಹೇಳಲಿಲ್ವಾ ನೀವು?”

“ವೈಫೈ ರಿಪೇರಿಯವನು ವೈಫೈ ಕೈಕೊಡ್ತು ಅಂದ್ರೆ ಯಾರು ನಂಬ್ತಾರೆ ಮೇಡಂ? ನಂಬಿದ್ರೂ, ಅದನ್ನ ಸರಿಯಾಗಿ ಇಟ್ಕೋಬೇಕಿದ್ದವನು ಯಾರು?”

“ಒಂದು ದಿನ ಎಂಟು ಹತ್ತಕ್ಕೆ ಆ ಬಸ್ ಹತ್ತಬಾರದೇನ್ರೀ?”

“ನಾನು ಹತ್ತಿದ್ರೆ ಅವಳು ಇಳೀತಾಳೆ. ಪಾಪ, ಕೆಲಸಕ್ಕೆ ಲೇಟಾಗುತ್ತೆ.”

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಈ ಮನುಷ್ಯ ಆ ಕತ್ತಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ದಿನಕ್ಕೆ ಐದು ನಿಮಿಷ ಮಿನುಗುವ ಒಂದು ಹೆಸರನ್ನು ನೋಡುತ್ತಾ.

ಮೊನ್ನೆ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಸಹಾಯದ ಫೋನು ಬಂತು. ಕರೆ ಮಾಡಿದವರ ನಂಬರು ನಮಗೆ ಕಾಣುವುದಿಲ್ಲ.

“ಹಲೋ, ಬಸ್ ವೈಫೈಯವ್ರಾ?”

ಮಾವನ ಕೈಯಲ್ಲಿದ್ದ ಪೆನ್ನು ನಿಂತಿತು. ನಾನು ಅವರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

“ಹೌದು... ಹೇಳಿ.”

“ನೋಡ್ರೀ, ನಿಮ್ಮ ಬಸ್ ಕಂಡ್ರೆ ಸಾಕು, ನನ್ನ ಫೋನು ಹೇಳದೆ ಕೇಳದೆ ಹೋಗಿ ಅಂಟ್ಕೊಳ್ಳುತ್ತೆ. ನಾನು ಹತ್ತಿರೋದೇ ಇಲ್ಲ! ನಮ್ಮ ಅಂಗಡಿ ಈ ಸ್ಟಾಪಿನ ಎದುರಿಗೆ ಬಂದು ಹತ್ತು ದಿನ ಆಯ್ತು, ಹತ್ತು ದಿನದಿಂದ ಇದೇ ಗೋಳು. ಅಂಟ್ಕೊಂಡಾಗೆಲ್ಲ ನೆಟ್ ಸತ್ತೋಗುತ್ತೆ. ಮಗು ನೋಡ್ಕೊಳ್ಳೋ ಆಂಟಿ ವಿಡಿಯೊ ಕಾಲೇ ಮಾಡೋದು. ಮೊನ್ನೆ ಮಗೂಗೆ ಜ್ವರ ಬಂದು ಏಳು ಸಲ ಮಾಡಿದ್ದಾರೆ. ಒಂದೂ ಬಂದಿಲ್ಲ.”

“ಮಗು...” ಎಂದರು ಮಾವ. “ಎಷ್ಟು ವಯಸ್ಸು?”

“ಒಂದೂವರೆ ವರ್ಷ. ಯಾಕ್ರೀ?”

“ಏನಿಲ್ಲ. ಈಗ ಹುಷಾರಾಗಿದೆಯಾ?”

“ಹೂಂ, ಈಗ ಪರವಾಗಿಲ್ಲ. ಇದಕ್ಕೇನ್ಮಾಡ್ಲಿ ಹೇಳಿ.”

ಮಾಡಬಹುದಾದದ್ದು ಎರಡಿತ್ತು, ಎರಡೂ ಅಷ್ಟು ಹೊತ್ತಿಗೆ ನನಗೂ ಬಾಯಿಪಾಠವಾಗಿತ್ತು. ವೈಫೈಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರೆ ಅರ್ಧ ದಿನ ಸರಿಹೋಗುತ್ತದೆ, ಆಮೇಲೆ ಫೋನು ಮತ್ತೆ ಬಸ್ಸಿನ ಬೆನ್ನು ಹತ್ತುತ್ತದೆ. ಎಂಟು ಹತ್ತಕ್ಕೆ ಗುಬ್ಬಿ ಮತ್ತೆ ಪಟ್ಟಿಯಲ್ಲಿ ಬಂದು ಕೂರುತ್ತದೆ. ಇನ್ನೊಂದು, ಬಸ್ಸಿನ ವೈಫೈಯನ್ನೇ ಫೋನಿನ ನೆನಪಿನಿಂದ ಅಳಿಸಿಬಿಡುವುದು. ಆಮೇಲೆ ಅದು ಯಾವ ಬಸ್ಸನ್ನೂ ಗುರುತು ಹಿಡಿಯುವುದಿಲ್ಲ.

ಮಾವ ಒಂದು ಗುಟುಕು ನೀರು ಕುಡಿದರು.

“ಸೆಟ್ಟಿಂಗ್ಸಿಗೆ ಹೋಗಿ. ವೈಫೈ. ಅಲ್ಲಿ ಬಸ್ಸಿನ ಹೆಸರಿದೆಯಲ್ಲ, ಅದನ್ನ ಒತ್ತಿ ಹಿಡ್ಕೊಳ್ಳಿ.”

“ಹಿಡ್ಕೊಂಡೆ.”

“ಕೆಳಗೆ ಎಡಗಡೆ ‘ಮರೆತುಬಿಡಿ’ ಅಂತ ಬರುತ್ತೆ. ಆ ಮೂಲೆ ಬಿರುಕು ಬಿಟ್ಟಿದೆಯಲ್ಲ, ಅಲ್ಲಿ ಒತ್ತಿದ್ರೆ ತಗೊಳಲ್ಲ. ಬಿರುಕಿಂದ ಸ್ವಲ್ಪ ಮೇಲೆ ಒತ್ತಿ.”

ಸ್ಪೀಕರು ಸುಮ್ಮನಾಯಿತು. ಆಗ ನನಗೆ ಹೊಳೆಯಿತು: ಅವರು ‘ಯಾವ ಫೋನು’ ಎಂದು ಕೇಳಿಯೇ ಇರಲಿಲ್ಲ. ಆ ತುದಿಯಲ್ಲಿ ಬಸ್ಸೊಂದು ಬಂದು ನಿಂತ ಸದ್ದು, ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಬಸ್ಸು ಹೊರಟುಹೋಯಿತು. ಕರೆ ಮಾತ್ರ ಕಟ್ಟಾಗಲಿಲ್ಲ.

“ಇದು... ಯಾಕೆ ಹೀಗಾಗುತ್ತೆ?” ಅವಳ ದನಿ ಈಗ ತೀರಾ ಸಣ್ಣದಾಗಿತ್ತು.

“ಫೋನಿಗೆ ಗೊತ್ತಾಗಲ್ಲಮ್ಮ. ಸೇರ್ಕೊಂಡಿದ್ದೀನಿ ಅಂತಾನೇ ತೋರಿಸ್ತಿರುತ್ತೆ. ಒಳಗೆ ಒಂದು ಕಾಲೂ ಬರಲ್ಲ. ಜೇಬಲ್ಲಿ ಇಟ್ಕೊಂಡೋರಿಗೂ ಗೊತ್ತಾಗಲ್ಲ. ಹನ್ನೊಂದು ಸಲ ಮಾಡಿದ್ರೂ ಗೊತ್ತಾಗಲ್ಲ.”

ಇನ್ನೇನು ‘ಅಪ್ಪ’ ಎನ್ನುತ್ತಾಳೆ ಎಂದು ನಾನು ಕೈಯಲ್ಲಿದ್ದ ಛತ್ರಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

“ಒತ್ತಲಾ?” ಎಂದಳು.

“ಒತ್ತಿ. ಹೆದರ್ಬೇಡಿ.”

ಮಾತು ಅಲ್ಲಿಗೇ ನಿಂತಿತು. ದಿನಕ್ಕೆ ನಲವತ್ತು ಜನಕ್ಕೆ ಹೇಳುವ ಉಳಿದರ್ಧ, ‘ನಾನಿದ್ದೀನಿ’ ಎಂಬುದು, ಅವರ ತುಟಿಯ ತನಕ ಬಂದದ್ದನ್ನು ನಾನು ಕಂಡೆ. ಅದನ್ನು ಅವರು ನುಂಗಿಕೊಂಡರು.

“ಒತ್ತಿದೆ.”

“ಹೆಸರು ಹೋಯ್ತಾ?”

“ಹೋಯ್ತು.”

“ಇನ್ನು ಮಗೂದು ಯಾವ ಕಾಲೂ ತಪ್ಪಲ್ಲ.”

“ನೀವು...” ಎಂದು ಶುರುಮಾಡಿದಳು. ಮನೆಯಲ್ಲಿ ಅಪ್ಪನನ್ನು ನೀನು ಎನ್ನುತ್ತಿದ್ದ ಹುಡುಗಿ. ಎಲ್ಲಿಂದಲೋ ಯಾರೋ ಅವಳನ್ನು ಕೂಗಿದರು, ಗಿರಾಕಿ ಬಂದಿರಬೇಕು. “ಥ್ಯಾಂಕ್ಸ್ ರೀ,” ಎಂದಳು. ಫೋನಿಟ್ಟಳು.

ಪ್ರತಿ ಕರೆಯ ಕೊನೆಗೂ ಕಚೇರಿಯವರು ಒಂದು ಪ್ರಶ್ನೆ ಕಳಿಸುತ್ತಾರೆ: ನಿಮ್ಮ ಸಮಸ್ಯೆ ಪರಿಹಾರವಾಯಿತೇ? ಉತ್ತರ ಬರಲು ಕಾಲು ಗಂಟೆ ಹಿಡಿಯಿತು. ‘ಹೌದು’ ಎಂದಿತ್ತು, ಅಷ್ಟೇ. ಮಾವ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ.

“ಮೊಮ್ಮಗನೋ ಮೊಮ್ಮಗಳೋ, ಅದನ್ನಾದ್ರೂ ಕೇಳ್ಬಹುದಿತ್ತು,” ಎಂದೆ.

“ವೈಫೈ ಸಹಾಯದವರು ಅದನ್ನೆಲ್ಲ ಕೇಳ್ತಾರಾ ಮೇಡಂ,” ಎಂದರು.

ಮಾರನೆಯ ದಿನ ಎಂಟು ಹತ್ತಕ್ಕೆ, ಕೈ ಅಭ್ಯಾಸದಿಂದಲೋ ಏನೋ, ಅವರು ಪಟ್ಟಿ ತೆರೆದರು. ಹುಲಿ ಇತ್ತು. ಮುಟ್ಟಬೇಡ ಇತ್ತು. ಅಕ್ಕನ ಹಳೇದು ಇತ್ತು. ಅವಳೂ ಆ ಬಸ್ಸಿನಲ್ಲೇ ಕಿಟಕಿಯ ಪಕ್ಕ ಎಲ್ಲೋ ಕೂತಿರಬೇಕು, ಕೈಯಲ್ಲಿ ಅದೇ ಬಿರುಕು ಬಿಟ್ಟ ಫೋನು ಹಿಡಿದು. ಮಾವ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಐದು ನಿಮಿಷ ನೋಡಿದರು. ಆಮೇಲೆ ರಿಜಿಸ್ಟರು ಎಳೆದುಕೊಂಡು, ಎಂದಿನ ದುಂಡನೆಯ ಅಕ್ಷರದಲ್ಲಿ ಬರೆದರು: ಒಂಬತ್ತನೇ ನಂಬರ್ ಬಸ್, ದೋಷವಿಲ್ಲ.