ಕಪಾಟಿನಲ್ಲಿ ಉಳಿದ ಹನ್ನೊಂದು ಹಾಳೆ

ಎಲ್ಡನ್ ಬ್ರಾಂಟ್ ಕ್ಷೌರಿಕನ ಮಗ. ನೆಬ್ರಾಸ್ಕದ ಸಣ್ಣ ಊರಿನಲ್ಲಿ ಅಪ್ಪನ ಅಂಗಡಿಯ ಕೂದಲು ಗುಡಿಸುತ್ತ ಬೆಳೆದವರು. ವಕೀಲರಾದರು, ಆಮೇಲೆ ನಲವತ್ತೆಂಟಕ್ಕೆ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು. ಊರಿಗೆ ಊರೇ ಬೀಗಿತು. ಅಪ್ಪ ಮಾತ್ರ ಕತ್ತರಿ ಒರೆಸುತ್ತ ಕೇಳಿದ್ದ:

"ಅಲ್ಲೇನ್ ಮಗಾ ಕೆಲ್ಸ?"

"ಕೆಳಗಿನ ಕೋರ್ಟಲ್ಲಿ ಆಗಿದ್ದು ಸರಿಯೋ ತಪ್ಪೋ ಅಂತ ಮೂರು ಜನ ಕೂತು ನೋಡೋದು."

"ಶಿಕ್ಷೆ ಆದೋನು ಎದುರಿಗೆ ಇರ್ತಾನಾ?"

"ಇಲ್ಲಪ್ಪ, ಬರೀ ಕಾಗದ."

"ಮುಖ ನೋಡ್ದೆ ನಾನು ಕತ್ತರೀನೂ ಹಿಡಿಯಲ್ಲಪ್ಪ," ಎಂದು ಅಪ್ಪ ನಕ್ಕಿದ್ದ.

ಬ್ರಾಂಟ್ ಇಪ್ಪತ್ತಾರು ವರ್ಷ ಕಾಗದ ಓದಿದರು. ಡೆಲ್ಮರ್ ಕ್ವಿಲನ್ ಎಂಬುವನೂ ಹಾಗೆಯೇ ಒಂದು ಕಟ್ಟು ಕಾಗದವಾಗಿ ಬಂದ. ಬಂದೂಕು ತೋರಿಸಿ ಬ್ಯಾಂಕ್ ದೋಚಿದ ಆರೋಪ. ಸಾಕ್ಷಿ ಒಬ್ಬಳೇ, ಅವಳಿಗೂ ಪೊಲೀಸರು ಒಂದೇ ಒಂದು ಫೋಟೋ ತೋರಿಸಿ, ಇವನೇ ತಾನೆ ಎಂದು ಕೇಳಿದ್ದರು. ಉಳಿದಿಬ್ಬರು ನ್ಯಾಯಾಧೀಶರಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಬ್ರಾಂಟ್‌ಗೆ ಕಂಡಿತು. ಈ ಶಿಕ್ಷೆ ನಿಲ್ಲಬಾರದು ಎಂದು ಹನ್ನೊಂದು ಹಾಳೆಯ ಭಿನ್ನಮತ ಬರೆದರು.

ಪೀಠದ ಹಿರಿಯರಾದ ಥರ್ಮನ್ ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತರು. "ಬರೆದ್ರೂ ಎರಡಕ್ಕೆ ಒಂದು ಕಣಯ್ಯ. ಅವನು ಒಳಗೇ ಇರ್ತಾನೆ. ನಂದು ಇದು ಕೊನೇ ವರ್ಷ, ಸುಮ್ನೆ ಮನಸ್ತಾಪ ಯಾಕೆ?"

ಬ್ರಾಂಟ್ ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡು, "ನನ್ನ ಒಪ್ಪಿಗೆ ಇದೆ" ಎಂಬ ಒಂದು ಸಾಲಿನ ಚೀಟಿ ಕಳಿಸಿದರು. ಪುಕ್ಕಲುತನವನ್ನು ಸೌಜನ್ಯ ಎಂದು ಕರೆಯುವುದು ಆ ಕಟ್ಟಡದಲ್ಲಿ ಬಹಳ ಸಲೀಸು.

ನಿವೃತ್ತರಾಗಿ ಊರಿಗೆ ಮರಳಿದಾಗ ಹೆಂಡತಿ ಆರ್ಡಿಸ್ ತೀರಿಕೊಂಡಿದ್ದಳು. ಅಪ್ಪನ ಅಂಗಡಿಯನ್ನು ಹೊಸಬನೊಬ್ಬ ನಡೆಸುತ್ತಿದ್ದ. ಒಳ್ಳೆಯ ಕೈ, ಕತ್ತರಿಯ ಸದ್ದಿನಲ್ಲೇ ಬ್ರಾಂಟ್‌ಗೆ ಗೊತ್ತಾಯಿತು. ಮೂರನೆಯ ಸಲ ಹೋದಾಗ ಕನ್ನಡಿಯ ಪಕ್ಕ ತೂಗುಹಾಕಿದ್ದ ಕ್ಷೌರದ ಲೈಸೆನ್ಸಿನ ಮೇಲೆ ಹೆಸರು ಕಣ್ಣಿಗೆ ಬಿತ್ತು. ಡೆಲ್ಮರ್ ಕ್ವಿಲನ್.

ಬ್ರಾಂಟ್ ಮನೆಗೆ ಹೋಗಿ ಕಪಾಟು ತಡಕಿದರು. ಹನ್ನೊಂದು ಹಾಳೆಯೂ ಇದ್ದವು. ಆ ಶಿಕ್ಷೆ ತಪ್ಪೆಂದು ತಾನೊಬ್ಬ ನಂಬಿದ್ದೆ ಎಂದು ಅವನಿಗೆ ಹೇಳಿದರೆ ಸಾಯುವ ಮುಂಚೆ ಎದೆಯ ಭಾರ ಇಳಿದೀತು ಎಂಬುದೇ ಮುದುಕನ ಆಸೆ. ಮುಂದಿನ ತಿಂಗಳು ಆ ಹಾಳೆಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದರು.

ಅರ್ಧ ತಲೆ ಮುಗಿದಿತ್ತು. "ಡೆಲ್ಮರ್, ನಾನ್ಯಾರು ಗೊತ್ತಾ?" ಎಂದರು.

"ಮೊದಲ ದಿನಾನೇ ಗೊತ್ತಾಯ್ತು ಸರ್. ತೀರ್ಪಿನಲ್ಲಿ ನಿಮ್ಮ ಹೆಸರು ಮೂರನೇದು." ಕತ್ತರಿ ನಿಲ್ಲಲಿಲ್ಲ. "ಹದಿನೆಂಟು ವರ್ಷ ಒಳಗಿದ್ದೆ. ಈ ಕೆಲ್ಸ ಅಲ್ಲೇ ಕಲ್ತಿದ್ದು."

"ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು. ಅಮ್ಮ ಭೇಟಿಗೆ ಬಂದಾಗೆಲ್ಲ ಒಂದೇ ಮಾತು ಕೇಳೋಳು. 'ಮೂರು ಜನದಲ್ಲಿ ಒಬ್ರಿಗೂ ಅನ್ನಿಸ್ಲಿಲ್ವೇನೋ? ಒಬ್ರಿಗೂ?' ಆಮೇಲಾಮೇಲೆ ನನ್ನೇ ಅನುಮಾನದಿಂದ ನೋಡೋಕೆ ಶುರುಮಾಡಿದ್ಲು. ಹಂಗೇ ಹೋಗ್ಬಿಟ್ಲು."

ಬ್ರಾಂಟ್ ಜೇಬಿನಿಂದ ಹಾಳೆಗಳನ್ನು ತೆಗೆದುಕೊಟ್ಟರು. ಡೆಲ್ಮರ್ ಕತ್ತರಿ ಕೆಳಗಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಹನ್ನೊಂದನ್ನೂ ಓದಿದ. ತಾರೀಖನ್ನು ಎರಡು ಸಲ ನೋಡಿದ. ಮಡಚಿ ಮುದುಕನ ತೊಡೆಯ ಮೇಲಿಟ್ಟ.

"ಚೆನ್ನಾಗಿ ಬರ್ದಿದೀರಿ," ಎಂದ. "ಓದ್ಬೇಕಾದೋಳು ಹೋಗಿ ಒಂಬತ್ತು ವರ್ಷ ಆಯ್ತು."

ಬ್ರಾಂಟ್ ಕುತ್ತಿಗೆಗೆ ಕಟ್ಟಿದ್ದ ಕ್ಷೌರದ ಬಟ್ಟೆ ತೆಗೆದು ಏಳಲು ಹೋದರು. ಡೆಲ್ಮರ್ ಭುಜ ಹಿಡಿದು ಕೂರಿಸಿದ.

"ಕೂತ್ಕೊಳ್ಳಿ ಸರ್. ಅರ್ಧಕ್ಕೆ ಬಿಟ್ಟು ಕಳ್ಸೋ ಅಭ್ಯಾಸ ನಂಗಿಲ್ಲ."

ಕತ್ತರಿಯ ಸದ್ದು ಮತ್ತೆ ಶುರುವಾಯಿತು. ಎದುರಿನ ಕನ್ನಡಿಯಲ್ಲಿ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಬ್ರಾಂಟ್ ಕಣ್ಣು ಮುಚ್ಚಿಕೊಂಡರು.