ದೇವಪ್ರಿಯ ಮೇಷ್ಟ್ರು ತಮಗೇ ಕೊಟ್ಟ ತೀರ್ಪು

ಎಬಿನೇಜರ್ ದೇವಪ್ರಿಯ ಮೇಷ್ಟ್ರು ಜಯನಗರಕ್ಕೆ ಬಾಡಿಗೆಗೆ ಬಂದದ್ದು 1952ರಲ್ಲಿ. ಬಡಾವಣೆಯ ಅರ್ಧಭಾಗ ಇನ್ನೂ ರಾಗಿ ಹೊಲವಾಗಿತ್ತು. ಜಗತ್ತಿನ ಪಾಪವನ್ನು ಎದುರಿಸಲು ಅವರು ಕರೆತಂದ ಸೈನ್ಯವೆಂದರೆ ಒಂದು ಸೈಕಲ್ಲು, ಎರಡು ಬೀರು ಪುಸ್ತಕ ಮತ್ತು ಹೆಂಡತಿ ಅಮ್ಮಣ್ಣಿ.

ತಂದೆ ತುಮಕೂರು ಸೀಮೆಯಲ್ಲಿ ಊರೂರು ಸುತ್ತಿ ಸುವಾರ್ತೆ ಹೇಳುತ್ತಿದ್ದ ಉಪದೇಶಿ. ಮಗ ಪಾದ್ರಿಗಳನ್ನು ತಯಾರುಮಾಡುವ ಕಾಲೇಜಿನಲ್ಲಿ ಕ್ರೈಸ್ತ ನೀತಿಶಾಸ್ತ್ರದ ಅಧ್ಯಾಪಕರಾದರು. ಕನ್ನಡದಲ್ಲಿ ಆ ಶಾಸ್ತ್ರಕ್ಕೆ ಅವರೇ ಚಕ್ರವರ್ತಿ. ಬೇರೆ ಯಾರೂ ಅದನ್ನು ಓದಿರಲಿಲ್ಲವಾದ್ದರಿಂದ ಸಿಂಹಾಸನಕ್ಕೆ ಜಗಳವೂ ಇರಲಿಲ್ಲ. ಪ್ರಜೆಗಳು ಮೊದಲ ವರ್ಷ ಒಂಬತ್ತು ಮಂದಿ, ಐದನೆಯ ವರ್ಷ ನಾಲ್ವರು. ಆ ನಾಲ್ವರಲ್ಲಿ ಒಬ್ಬ ಕಿವುಡ.

ಮೇಷ್ಟ್ರು ಶಾಸ್ತ್ರವನ್ನು ಕಾಲೇಜಿನಲ್ಲೇ ಬಿಟ್ಟು ಮನೆಗೆ ಬರುವ ಪೈಕಿಯವರಲ್ಲ. ಪಕ್ಕದ ಮನೆಯ ಗುಮಾಸ್ತ ಚಕ್ರಪಾಣಿ ಒಮ್ಮೆ ಮ್ಯಾಟಿನಿಗೆ ಹೊರಟವನು ಕಾಂಪೌಂಡಿನ ಮೇಲಿಂದ ಕೇಳಿಕೊಂಡ: "ಮೇಷ್ಟ್ರೇ, ಆಫೀಸಿಂದ ಯಾರಾದ್ರೂ ಬಂದ್ರೆ ನನಗೆ ಜ್ವರ ಅಂತ ಹೇಳ್ಬಿಡಿ."

"ಜ್ವರ ಇದೆಯೇನಪ್ಪ?"

"ಇದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ ಸಾರ್?"

ಆಫೀಸಿನವರು ಬಂದರು. ಮೇಷ್ಟ್ರು ಅವರಿಗೆ ಟಾಕೀಸಿನ ದಾರಿಯನ್ನೂ ತೋರಿಸಿಕೊಟ್ಟರು. ಅಂದಿನಿಂದ ಚಕ್ರಪಾಣಿ ಆ ಕಾಂಪೌಂಡಿಗೆ ಬೆನ್ನು ಹಾಕಿಕೊಂಡೇ ಹಲ್ಲುಜ್ಜುತ್ತಿದ್ದ.

ಮೇಷ್ಟ್ರ ಬದುಕಿಗೆ ಇದ್ದ ಆಸೆ ಒಂದೇ: ಕನ್ನಡದಲ್ಲಿ ಕ್ರೈಸ್ತ ನೀತಿಶಾಸ್ತ್ರದ ಒಂದು ದೊಡ್ಡ ಪುಸ್ತಕ. ಅದು ಅಚ್ಚಾಗದಿದ್ದರೆ ತಾವು ಕಲಿಸಿದ್ದೆಲ್ಲ ತಮ್ಮೊಂದಿಗೇ ಮಣ್ಣಾಗುತ್ತದೆಂದು ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷ ಬರೆದರು. ಅವರ ಅಕ್ಷರ ದೇವರಿಗೂ ತಿಳಿಯುತ್ತಿರಲಿಲ್ಲ. ಅಮ್ಮಣ್ಣಿ ಪ್ರತಿ ಸಂಜೆ ಅಕ್ಕಿ ಆರಿಸಿಟ್ಟು ಕೂತು, ಆರುನೂರು ಪುಟಗಳನ್ನೂ ತಮ್ಮ ದುಂಡನೆಯ ಅಕ್ಷರದಲ್ಲಿ ನಕಲು ಮಾಡಿದರು. ಅದರಲ್ಲಿ ಮೂರನೆಯ ಅಧ್ಯಾಯ 'ಸತ್ಯ ನುಡಿಯುವುದು'. ಅದರ ಪ್ರಕಾರ ಪ್ರೀತಿಗಾಗಿ ಹೇಳಿದ ಸುಳ್ಳೂ ಸುಳ್ಳೇ. ಕೇಳಿಸಿಕೊಂಡು ಸುಮ್ಮನಿದ್ದವನೂ ಅದರಲ್ಲಿ ಪಾಲುದಾರ.

1963ರಲ್ಲಿ ಹಸ್ತಪ್ರತಿ ಕ್ರೈಸ್ತ ಸಭೆಯ ಪುಸ್ತಕ ಸಮಿತಿಗೆ ಹೋಯಿತು. ಸಮಿತಿಯ ನಿಯಮಗಳು ಕಲ್ಲಿನ ಹಲಗೆಯ ಮೇಲೆ ಕೆತ್ತಿದಂಥವು. ಲೇಖಕನ ಹೆಸರು ಮೊಹರು ಹಾಕಿದ ಲಕೋಟೆಯಲ್ಲಿರಬೇಕು. ವಿಷಯ ಬಲ್ಲವರೊಬ್ಬರು ಓದಿ ಅಭಿಪ್ರಾಯ ಕೊಡಬೇಕು. ಆಮೇಲಷ್ಟೇ ಲಕೋಟೆ ಒಡೆಯಬೇಕು. ಅದಕ್ಕೆ ಮೊದಲು ಹೆಸರು ಹೊರಬಿದ್ದರೆ ಪುಸ್ತಕ ರದ್ದು. ಒಮ್ಮೆ ತಿರಸ್ಕರಿಸಿದ್ದನ್ನು ಮತ್ತೆ ನೋಡುವಂತಿಲ್ಲ.

ಆರು ವಾರದ ಮೇಲೆ ಪೋಸ್ಟಿನಲ್ಲಿ ಒಂದು ಕಟ್ಟು ಬಂತು. ಬಿಚ್ಚಿದರೆ ಅಮ್ಮಣ್ಣಿಯ ದುಂಡನೆಯ ಅಕ್ಷರ. ಜೊತೆಗೆ ಚೀಟಿ: 'ಈ ವಿಷಯ ಬಲ್ಲವರು ತಾವೊಬ್ಬರೇ. ದಯವಿಟ್ಟು ಅಭಿಪ್ರಾಯ ಕಳಿಸಿ.'

ಅಮ್ಮಣ್ಣಿಯ ಮುಖ ಅರಳಿತು. "ಒಳ್ಳೇದಾಯ್ತು. ಚೆನ್ನಾಗಿದೆ ಅಂತ ಬರ್ದು ಕಳ್ಸಿ."

"ಅದು ಪಕ್ಷಪಾತ ಕಣೇ."

"ಹಾಗಾದ್ರೆ ನಂದೇ ಅಂತ ಹೇಳಿ ವಾಪಸ್ ಕಳ್ಸಿ."

"ಹೇಳಿದ್ರೆ ರದ್ದು."

"ಮತ್ತೇನ್ ಮಾಡ್ತೀರಿ?"

"ಓದ್ತೀನಿ. ಯಾರದೋ ಅಂದ್ಕೊಂಡು ಓದ್ತೀನಿ."

ಮೇಷ್ಟ್ರು ಮೂರು ವಾರ ತಮ್ಮ ಮೇಲೆ ತಾವೇ ದಂಡೆತ್ತಿ ಹೋದರು. ತಮ್ಮದೆಂಬ ಮಮತೆ ಎಲ್ಲಿ ಕಣ್ಣು ಕಟ್ಟುತ್ತದೋ ಎಂದು, ಮೆಚ್ಚಿಗೆಯಾದ ಕಡೆಯಲ್ಲೆಲ್ಲ ಎರಡು ಪಟ್ಟು ಅನುಮಾನಪಟ್ಟರು. ಹಾಗೆ ನೋಡಿದಾಗ ಮೂರನೆಯ ಅಧ್ಯಾಯವೇ ಮೊದಲು ಕುಸಿಯಿತು. 'ಲೇಖಕರಿಗೆ ಶಾಸ್ತ್ರ ಗೊತ್ತು, ಮನುಷ್ಯರು ಗೊತ್ತಿಲ್ಲ. ಪ್ರಕಟಣೆಗೆ ಯೋಗ್ಯವಲ್ಲ' ಎಂದು ಬರೆದು ಸಹಿ ಹಾಕಿ, ಅಂಚೆಗೆ ಹಾಕಿ, ಗೆದ್ದವರಂತೆ ಸೈಕಲ್ ಗಂಟೆ ಬಾರಿಸುತ್ತ ಮನೆಗೆ ಬಂದರು. ಗೆದ್ದ ಖುಷಿ ಸಂಜೆಯ ಕಾಫಿಯವರೆಗೆ ಇತ್ತು.

ಸಮಿತಿ ಲಕೋಟೆ ಒಡೆದು ನೋಡಿತು. ನಿಯಮ ನಿಯಮವೇ. 'ಈ ವಿಷಯದ ಏಕಮಾತ್ರ ವಿದ್ವಾಂಸರ ಮಾತನ್ನು ಮೀರಲು ನಮಗೆ ಅಧಿಕಾರವಿಲ್ಲ' ಎಂದು ಆ ವಿದ್ವಾಂಸರಿಗೇ ವಿಷಾದದ ಕಾಗದ ಬಂತು. ಜೊತೆಗೆ ಅವರದೇ ಅಭಿಪ್ರಾಯದ ನಕಲು.

ಅಮ್ಮಣ್ಣಿ ಅದನ್ನು ಎರಡು ಸಲ ಓದಿದರು. "ಅಕ್ಷರ ದುಂಡಗಿದೆ ಅಂತ ಒಂದು ಮಾತು ಬರೀಬಾರ್ದಿತ್ತೇ?"

"ಅದೂ ಪಕ್ಷಪಾತ ಆಗ್ತಿತ್ತು."

ಅಮ್ಮಣ್ಣಿ ಕಾಗದ ಮಡಿಸಿಟ್ಟು ಒಳಗೆ ಹೋದರು. 1966ರಲ್ಲಿ ಮೇಷ್ಟ್ರು ನಿವೃತ್ತರಾದರು. ಪಠ್ಯಪುಸ್ತಕವಿಲ್ಲದ ವಿಷಯವೆಂದು ಕಾಲೇಜು ನೀತಿಶಾಸ್ತ್ರವನ್ನು ಅವರ ಹಿಂದೆಯೇ ನಿವೃತ್ತಿಗೊಳಿಸಿತು. ಮೇಷ್ಟ್ರು ಹೊಸ ಪುಸ್ತಕವನ್ನು ಮೊದಲ ಪುಟದಿಂದ ಶುರುಮಾಡಿದರು. ಆ ಮಳೆಗಾಲದಲ್ಲಿ ಇಪ್ಪತ್ತು ಹಾಳೆಯಾದಾಗ ತಂದು ಹೆಂಡತಿಯ ಮುಂದಿಟ್ಟರು.

"ಇನ್ನು ನನ್ ಕೈಲಾಗಲ್ಲ," ಎಂದರು ಅಮ್ಮಣ್ಣಿ. "ಕಣ್ಣು ಪೂರ್ತಿ ಮಂಜಾಗ್ಬಿಟ್ಟಿದೆ. ಅಕ್ಷರಾನೇ ಕಾಣಲ್ಲ."

ಹೇಳಿ, ಕನ್ನಡಕವಿಲ್ಲದೆಯೇ ಪೇಪರಿನ ಸಣ್ಣ ಅಕ್ಷರದ ಜಾಹೀರಾತುಗಳನ್ನು ಓದತೊಡಗಿದರು.

ಕನ್ನಡದ ಏಕಮಾತ್ರ ನೀತಿಶಾಸ್ತ್ರಜ್ಞರು ಅದನ್ನು ನೋಡಿದರು. ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ, ತಮ್ಮ ಹೊರತು ಯಾರಿಗೂ ತಿಳಿಯದ ಅಕ್ಷರದ ಆ ಇಪ್ಪತ್ತು ಹಾಳೆಗಳನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.